1970ರ ಎಂಜಿಬಿ: ಸೆಲ್ಫ್ ನಿಧಾನ, ಪ್ಲಗ್ ಕಪ್ಪು, ಎರಡೂ ಒಟ್ಟಿಗೆ ಯಾಕೆ?

ಡಿಡ್ಕಾಟ್ ಶೆಡ್ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮೂಲ ಶಿವಮೊಗ್ಗ, ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷ ಆಯಿತು. ಮೂರು ವರ್ಷದ ಹಿಂದೆ 1970ರ ಎಂಜಿಬಿ ರೋಡ್‌ಸ್ಟರ್ ತಗೊಂಡೆ, ಟಾಪ್ ಇಳಿಸಬಹುದಾದ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಕ್ರೋಮ್ ಬಂಪರ್, ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಓವರ್‌ಡ್ರೈವ್ ಇರುವ ಗೇರ್‌ಬಾಕ್ಸ್. ಈ ಕಾರು ಹುಟ್ಟಿದ ಅಬಿಂಗ್ಡನ್ ನಮ್ಮನೆಯಿಂದ ಅರ್ಧ ಗಂಟೆ ದಾರಿ ಕೂಡ ಇಲ್ಲ. ಫ್ಯಾಕ್ಟರಿ 1980ರಲ್ಲೇ ಮುಚ್ಚಿತು, ಹಾಗಾಗಿ ದೂರು ಕೊಡೋಕೆ ಅಲ್ಲಿಗೆ ಹೋಗೋ ಹಾಗಿಲ್ಲ.

ತೊಂದರೆ ಎರಡು. ಒಂದು, ಸೆಲ್ಫ್ ಹೊಡೆದರೆ ಎಂಜಿನ್ ಬೆಳಗಿನ ಜಾವದ ಎಮ್ಮೆ ಥರ ಎದ್ದೇಳುತ್ತದೆ. ಗೊರ್... ಗೊರ್... ಆಮೇಲೆ ಅದೃಷ್ಟ ಇದ್ದರೆ ಸ್ಟಾರ್ಟ್. ಎರಡು, ಸ್ಟಾರ್ಟ್ ಆದಮೇಲೆ ಪೆಟ್ರೋಲ್ ವಾಸನೆ, ಐಡ್ಲಿಂಗ್‌ನಲ್ಲಿ ಕುಂಟುತ್ತದೆ, ಪ್ಲಗ್ ಬಿಚ್ಚಿದರೆ ನಾಲ್ಕೂ ಕಾಡಿಗೆ ಹಚ್ಚಿದ ಹಾಗೆ.

ಇಲ್ಲಿವರೆಗೆ ಮಾಡಿದ್ದು: ಸೀಟಿನ ಹಿಂದಿನ ಎರಡೂ 6 ವೋಲ್ಟ್ ಬ್ಯಾಟರಿ ಹೊಸದು. ಸೆಲ್ಫ್ ಮೋಟರ್ ಹೊಸದು. ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲ ಹೊಸದು. ಏನೂ ಬದಲಾಗಿಲ್ಲ. ಮನೆಯವಳು ಹೇಳಿಬಿಟ್ಟಿದ್ದಾಳೆ, "ಇನ್ನೊಂದು ಪಾರ್ಸಲ್ ಬಂದರೆ ಅದರ ಜೊತೆ ನೀವೂ ಶೆಡ್‌ನಲ್ಲೇ ಮಲಗಿ" ಅಂತ. ಈಗ ಕಾರ್ಬುರೇಟರ್ ರೀಬಿಲ್ಡ್ ಕಿಟ್ ಕಾರ್ಟ್‌ನಲ್ಲಿದೆ. ಒತ್ತಲೋ ಬೇಡವೋ?

ಲೀಡ್ಸ್ ಮಿಡ್ಜೆಟ್ · ಶನಿವಾರ ರಾತ್ರಿ

ಒತ್ತಬೇಡಿ. ಮೊದಲು ಪುಕ್ಕಟೆ ಪರೀಕ್ಷೆ ಮಾಡಿ.

ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗ್‌ನಲ್ಲಿ, ಒಂದು ಕಾರ್ಬುರೇಟರ್‌ನ ಪಿಸ್ಟನ್ ಅನ್ನು ಪಕ್ಕದ ಲಿಫ್ಟಿಂಗ್ ಪಿನ್ ಒತ್ತಿ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ವೇಗ ಏರಿ ಏರಿದಲ್ಲೇ ನಿಂತರೆ ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಬಿದ್ದು ಹೋಗೋಕೆ ನೋಡಿದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಚೂರು ಏರಿ ಮತ್ತೆ ಮೊದಲಿನ ಹಾಗೇ ಆದರೆ ಸರಿ ಇದೆ. ಇನ್ನೊಂದಕ್ಕೂ ಹಾಗೇ. ಎರಡೂ ಒಂದೇ ಥರ ರಿಚ್ ಅಂತ ಬಂದರೆ ಎರಡು ಕಾರ್ಬುರೇಟರ್ ಒಟ್ಟಿಗೆ ಕೆಟ್ಟಿವೆ ಅಂತ ನಾನಂತೂ ನಂಬಲ್ಲ. ಎರಡಕ್ಕೂ ಸೇರಿದ ಯಾವುದೋ ಒಂದು ಕಾರಣ ಇರಬೇಕು.

ಕಾರ್ಬುರೇಟರ್ ಮೇಲ್ಭಾಗದ ಡ್ಯಾಷ್‌ಪಾಟ್ ಎಣ್ಣೆ ನೋಡಿದ್ದೀರಾ? ಅದು ಖಾಲಿಯಾದರೆ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುತ್ತದೆ, ಆದರೆ ಪ್ಲಗ್ ಇಷ್ಟು ಕಪ್ಪಾಗಲ್ಲ.

ಪಾನಾ ಪೆಟ್ಟಿಗೆ · ಶನಿವಾರ ರಾತ್ರಿ

ನನ್ನ ಓಟು ಕರೆಂಟಿಗೆ. ಈ ಕಾರುಗಳ ಕರೆಂಟಿನ ಭಾಗ ಮಾಡಿದ ಲೂಕಸ್ ಕಂಪನಿ ಅಂದರೆ 'ಕತ್ತಲೆಯ ರಾಜಕುಮಾರ' ಅಂತ ಇಂಗ್ಲಿಷರೇ ಹೇಳುತ್ತಾರೆ, ನಾವು ಹೇಳಿದ್ದಲ್ಲ 😄

ತಮಾಷೆ ಬಿಡಿ. ವೈರ್ ಜೋಡಿಸುವ ಐವತ್ತು ವರ್ಷ ಹಳೇ ಬುಲೆಟ್ ಕನೆಕ್ಟರ್ ಒಳಗೆ ಹಸಿರು ಪಾಚಿ ಕಟ್ಟಿದ್ದಕ್ಕೆ ತಯಾರಕರನ್ನು ಬೈದರೆ ಪಾಪ ಅವರೇನು ಮಾಡಬೇಕು. ಈ ಕಾರಿನ ವೈರಿಂಗ್ ನಿಜವಾಗಿ ಬಹಳ ಸರಳ. ಕಂದು ಬಣ್ಣ ಯಾವಾಗಲೂ ಲೈವ್. ಬಿಳಿ, ಕೀ ತಿರುಗಿಸಿದರೆ ಲೈವ್. ಹಸಿರು, ಅದೇ ಕರೆಂಟು ಫ್ಯೂಸ್ ದಾಟಿ ಬಂದಿದ್ದು. ಕಪ್ಪು ಅರ್ತ್. ಇಷ್ಟು ಬಾಯಿಪಾಠ ಆದರೆ ಅರ್ಧ ಕೆಲಸ ಆಯಿತು.

ಡಿಡ್ಕಾಟ್ ಅವರೇ, ಮಲ್ಟಿಮೀಟರ್ ಇದೆಯಾ?

ಡಿಡ್ಕಾಟ್ ಶೆಡ್ · ಭಾನುವಾರ ಬೆಳಿಗ್ಗೆ

ಮಲ್ಟಿಮೀಟರ್ ಇದೆ. ಎರಡೂ ಬ್ಯಾಟರಿ ಸೇರಿ 12.7 ವೋಲ್ಟ್ ತೋರಿಸುತ್ತದೆ, ಅದಕ್ಕೇ ಬ್ಯಾಟರಿ ಸರಿ ಇದೆ ಅಂದುಕೊಂಡೆ.

@ಲೀಡ್ಸ್ ಮಿಡ್ಜೆಟ್ ಸರ್, ಪಿನ್ ಪರೀಕ್ಷೆ ಮಾಡಿದೆ. ಎರಡೂ ರಿಚ್. ಕೆಳಗಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಕೆ) ನಟ್ ತಿರುಗಿಸಿ ಲೀನ್ ಕಡೆಗೆ ತರೋಕೆ ನೋಡಿದೆ. ಪೂರ್ತಿ ಮೇಲೆ ಹೋದರೂ ರಿಚ್!

ಲೀಡ್ಸ್ ಮಿಡ್ಜೆಟ್ · ಭಾನುವಾರ ಬೆಳಿಗ್ಗೆ

ಸರ್ ಅಲ್ಲ ಮಾರಾಯರೇ, ಮೇಡಂ. 1275 ಸಿಸಿ ಮಿಡ್ಜೆಟ್ ಓಡಿಸೋರೆಲ್ಲ ಗಂಡಸರೇ ಆಗಬೇಕು ಅಂತೇನಿಲ್ಲ. ನಾನು ಕುಂದಾಪುರದವಳು, ಮಳೆಯಲ್ಲಿ ಟಾಪ್ ಸೋರುವ ಕಾರು ಇಟ್ಟುಕೊಳ್ಳೋಕೆ ನನಗೆ ಹುಟ್ಟಿನಿಂದಲೇ ತರಬೇತಿ ಆಗಿದೆ.

ವಿಷಯಕ್ಕೆ ಬರ್ತೀನಿ. ನಟ್ ಪೂರ್ತಿ ಮೇಲೆ ಹೋದರೂ ರಿಚ್ ಅಂದರೆ ಜೆಟ್ ನಟ್‌ಗೆ ತಾಗುತ್ತಲೇ ಇಲ್ಲ. ಎಸ್‌ಯುನಲ್ಲಿ ಚೋಕ್ ಬೇರೆ ಥರ ಗೊತ್ತಲ್ವಾ? ಬೇರೆ ಕಾರ್ಬುರೇಟರ್‌ಗಳಲ್ಲಿ ಗಾಳಿ ತಡೆಯುವ ರೆಕ್ಕೆ ಇರುತ್ತದೆ. ಇದರಲ್ಲಿ ಅದಿಲ್ಲ. ಚೋಕ್ ಎಳೆದರೆ ಜೆಟ್ಟೇ ಕೆಳಗೆ ಇಳಿಯುತ್ತದೆ, ಅದರೊಳಗಿನ ಸೂಜಿಯ ಸುತ್ತ ಸಂದು ದೊಡ್ಡದಾಗಿ ಪೆಟ್ರೋಲ್ ಜಾಸ್ತಿ ಬರುತ್ತದೆ. ಚೋಕ್ ಗುಬುಟು ಒಳಗೆ ತಳ್ಳಿದ ಮೇಲೂ ಜೆಟ್ ಕೆಳಗೇ ಉಳಿದರೆ ನೀವು ಇಡೀ ದಿನ ಅರ್ಧ ಚೋಕ್‌ನಲ್ಲೇ ಓಡಿಸಿದ ಹಾಗೆ. ಬಗ್ಗಿ ಕಾರ್ಬುರೇಟರ್ ಅಡಿಯಲ್ಲಿ ನೋಡಿ, ಜೆಟ್ಟನ್ನು ಬೆರಳಲ್ಲಿ ಮೇಲಕ್ಕೆ ಒತ್ತಿದರೆ ಹೋಗುತ್ತಾ?

ಬಸವನಗುಡಿ ಹೆರಾಲ್ಡ್ · ಭಾನುವಾರ ಬೆಳಿಗ್ಗೆ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮನೇಲಿ ತಾತನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಮದ್ರಾಸಿನಲ್ಲಿ ಮಾಡಿದ್ದು. ಸ್ಪೋರ್ಟ್ಸ್ ಕಾರ್ ಅಲ್ಲ, ಆದರೆ ಟ್ರಯಂಫ್ ಸ್ಪಿಟ್‌ಫೈರ್ ನಿಂತಿರೋದು ಹೆರಾಲ್ಡ್ ಚಾಸಿಯನ್ನೇ ಗಿಡ್ಡ ಮಾಡಿದ್ದರ ಮೇಲೆ, ಹಾಗಾಗಿ ನಾನೂ ದೂರದ ನೆಂಟ. ಪೆಟ್ರೋಲ್ ವಾಸನೆ ಅಂದಿರಲ್ಲ, ರಬ್ಬರ್ ಪೈಪ್ ನೋಡಿದಿರಾ? ಇಲ್ಲಿ ಈಗ ಬಂಕ್‌ನಲ್ಲಿ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್. ನನ್ನ ಹಳೇ ಪೈಪ್ ಹೊರಗೆ ಚೆನ್ನಾಗೇ ಇತ್ತು, ಬಗ್ಗಿಸಿದರೆ ಹಳೇ ಹಪ್ಪಳ.

ಪಾನಾ ಪೆಟ್ಟಿಗೆ · ಭಾನುವಾರ ಬೆಳಿಗ್ಗೆ

ಹೆರಾಲ್ಡ್ ಹೇಳಿದ್ದು ಸರಿಯಾದ ಮಾತು. ಬ್ರಿಟನ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಇ10 ಆಗಿದೆ. ಹಳೇ ಗಾಡಿಗೆ ಇ5 ಬೇಕು ಅಂದರೆ ಸೂಪರ್ ಗ್ರೇಡ್ ಹಾಕಿಸಬೇಕು. ಪೈಪ್ ತಗೊಳ್ಳುವಾಗ ಮೇಲೆ ಆರ್9 (ಎಥನಾಲ್ ತಡೆಯುವ ದರ್ಜೆ) ಅಂತ ಅಚ್ಚು ಇದೆಯಾ ನೋಡಿ. ಸುಮ್ನೆ 'ಫ್ಯೂಯೆಲ್ ಹೋಸ್' ಅಂತ ಬರೆದಿರೋದನ್ನೆಲ್ಲ ನಂಬಬೇಡಿ. ಚಳಿಗಾಲ ಗಾಡಿ ನಿಲ್ಲಿಸೋ ಮುಂಚೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಖಾಲಿ ಜಾಗ ಇದ್ದಷ್ಟೂ ತೇವ ಹಿಡಿಯುತ್ತದೆ.

ಡಿಡ್ಕಾಟ್ ಶೆಡ್ · ಭಾನುವಾರ ಮಧ್ಯಾಹ್ನ

ಕ್ಷಮಿಸಿ ಮೇಡಂ! ನೀವು ಹೇಳಿದ್ದೇ ನಿಜ. ಎರಡೂ ಜೆಟ್ ಹೆಚ್ಚುಕಡಿಮೆ ಮೂರು ಮಿಲಿಮೀಟರ್ ಕೆಳಗೆ ನಿಂತಿವೆ. ಬೆರಳಲ್ಲಿ ಒತ್ತಿದರೆ ಹೋಗಲ್ಲ. ಚೋಕ್ ಕೇಬಲ್‌ನ ಸ್ಕ್ರೂ ಸಡಿಲ ಮಾಡಿದ ತಕ್ಷಣ ಟಪ್ ಅಂತ ಎರಡೂ ಮೇಲೆ ಹೋದವು. ಅಂದರೆ ಕಾರ್ಬುರೇಟರ್ ನಿರಪರಾಧಿ, ಕೇಬಲ್ ಒಳಗೆ ಸಿಕ್ಕಿಕೊಂಡಿದೆ.

ವಿಚಿತ್ರ ಏನಂದರೆ ಇದು ಹಾಕಿ ಒಂದೂವರೆ ವರ್ಷ ಆಗಿರಬಹುದು ಅಷ್ಟೇ. ಬಿಚ್ಚಿ ನೋಡಿದರೆ ಹೊರಗಿನ ಪ್ಲಾಸ್ಟಿಕ್ ಒಂದು ಕಡೆ ಕರಗಿ ಒಳಗಿನ ತಂತಿಗೆ ಅಂಟಿಕೊಂಡಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತಾಗಿರಬೇಕು. ಹೊಸ ಕೇಬಲ್ ಆರ್ಡರ್ ಮಾಡ್ತೀನಿ. ಸೆಲ್ಫ್ ವಿಷಯ ಆಮೇಲೆ ನೋಡೋಣ.

ದಾವಣಗೆರೆ ಟ್ಯಾಕ್ಸಿ · ಭಾನುವಾರ ಮಧ್ಯಾಹ್ನ

ನಿಲ್ಲಿ ನಿಲ್ಲಿ. ಕೇಬಲ್ ಎಲ್ಲಿ ಕರಗಿದೆ? ಮ್ಯಾನಿಫೋಲ್ಡ್ ಹತ್ತಿರವಾ, ಬಾಡಿ ಒಳಗೆ ಹೋಗುವ ಕಡೆಗಾ?

ಡಿಡ್ಕಾಟ್ ಶೆಡ್ · ಭಾನುವಾರ ಮಧ್ಯಾಹ್ನ

ಈಗ ನೀವು ಕೇಳಿದ ಮೇಲೆ ನೋಡಿದೆ. ಡ್ಯಾಷ್‌ಬೋರ್ಡ್ ಕಡೆಗೇ ಇದೆ. ಮ್ಯಾನಿಫೋಲ್ಡ್‌ನಿಂದ ದೂರ. ಅಲ್ಲಿ ಬಿಸಿ ಆಗೋಕೆ ಏನೂ ಇಲ್ಲವಲ್ಲ?

ದಾವಣಗೆರೆ ಟ್ಯಾಕ್ಸಿ · ಭಾನುವಾರ ಸಂಜೆ

ಇದೆ. ನಿಮ್ಮ ಸೆಲ್ಫ್ ಮೋಟರ್ ಕರೆಂಟು ಆ ಕೇಬಲ್‌ನಲ್ಲಿ ಹರಿಯುತ್ತಿದೆ.

ನಗಬೇಡಿ, ಪೂರ್ತಿ ಕೇಳಿ. ನಮ್ಮಪ್ಪ ದಾವಣಗೆರೆಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಆ ಕಾರಿನ 1489 ಸಿಸಿ ಎಂಜಿನ್ನೂ ನಿಮ್ಮ 1798 ಸಿಸಿ ಎಂಜಿನ್ನೂ ಒಂದೇ ಮನೆತನ. ಎರಡೂ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್. ಎಂಜಿಬಿಗೆ ಮುಂಚಿನ ಎಂಜಿಎ ಶುರುವಾಗಿದ್ದೂ ಅದೇ 1489 ಸಿಸಿ ಎಂಜಿನ್‌ನಲ್ಲಿ. ಹಾಗಾಗಿ ಬಾನೆಟ್ ಎತ್ತಿದರೆ ನನಗೆ ನಿಮ್ಮ ಕಾರು ನಮ್ಮನೆ ಕಾರಿನ ಸಿಟಿಗೆ ಹೋದ ತಮ್ಮನ ಥರ ಕಾಣುತ್ತದೆ. ಸೆಲ್ಫ್ ನಿಧಾನ ಆದರೆ ಅಪ್ಪ ಬ್ಯಾಟರಿ ನೋಡುವ ಮುಂಚೆ "ಚೋಕ್ ವೈರ್ ಮುಟ್ಟಿ ನೋಡೋ" ಅನ್ನುತ್ತಿದ್ದರು. ಬಿಸಿ ಇದ್ದರೆ ಅರ್ತ್ ಪಟ್ಟಿ ಹೋಗಿದೆ ಅಂತ ಲೆಕ್ಕ.

ಯಾಕೆ ಅಂದರೆ ಎಂಜಿನ್ ಕೂತಿರೋದು ರಬ್ಬರ್ ಮೌಂಟ್ ಮೇಲೆ. ರಬ್ಬರ್‌ನಲ್ಲಿ ಕರೆಂಟು ಹರಿಯಲ್ಲ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಬಿಗಿದಿದೆ, ಸೆಲ್ಫ್ ಮೋಟರ್ ಎಂಜಿನ್‌ಗೆ ಬಿಗಿದಿದೆ. ಎಂಜಿನ್ನಿಂದ ಬಾಡಿಗೆ ಕರೆಂಟು ವಾಪಸ್ ಬರೋಕೆ ಒಂದೇ ಒಂದು ಸರಿಯಾದ ದಾರಿ, ಆ ಹೆಣೆದ ತಾಮ್ರದ ಪಟ್ಟಿ. ಅದು ತುಂಡಾದರೆ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಸುಮ್ಮನೆ ಕೂರುತ್ತದಾ? ಎಂಜಿನ್ನಿಗೂ ಬಾಡಿಗೂ ತಾಗಿಕೊಂಡಿರುವ ಬೇರೆ ಲೋಹ ಹುಡುಕುತ್ತದೆ. ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಸಣ್ಣ ತಂತಿ, ದೊಡ್ಡ ಕರೆಂಟು. ಕಾದು ಕೆಂಪಾಗುತ್ತದೆ.

ಒಂದು ಪ್ರಶ್ನೆ. ಈ ತೊಂದರೆ ಶುರುವಾಗುವ ಮುಂಚೆ ಗಾಡಿಗೆ ಏನು ಕೆಲಸ ಆಗಿತ್ತು?

ಡಿಡ್ಕಾಟ್ ಶೆಡ್ · ಭಾನುವಾರ ಸಂಜೆ

ಹೋದ ಅಕ್ಟೋಬರ್‌ನಲ್ಲಿ ಕ್ಲಚ್ ಹಾಕಿಸಿದೆ. ಅದೊಂದೇ ಕೆಲಸ ಹೊರಗೆ ಮಾಡಿಸಿದ್ದು. ಎಂಜಿಬಿಗೆ ಕ್ಲಚ್ ಹಾಕಬೇಕಾದರೆ ಎಂಜಿನ್ನೇ ಎತ್ತಬೇಕು, ನನ್ನ ಶೆಡ್‌ನಲ್ಲಿ ಎಂಜಿನ್ ಕ್ರೇನ್ ಹಿಡಿಯಲ್ಲ.

ಅಯ್ಯೋ. ಎಂಜಿನ್ ಎತ್ತಬೇಕಾದರೆ ಆ ಪಟ್ಟಿ ಬಿಚ್ಚಲೇಬೇಕು ಅಲ್ವಾ?

ದಾವಣಗೆರೆ ಟ್ಯಾಕ್ಸಿ · ಭಾನುವಾರ ಸಂಜೆ

ಬಿಚ್ಚಲೇಬೇಕು. ವಾಪಸ್ ಹಾಕಲೂಬೇಕು 🙂

ಪಾನಾ ಪೆಟ್ಟಿಗೆ · ಭಾನುವಾರ ಸಂಜೆ

ಟ್ಯಾಕ್ಸಿಯವರಿಗೆ ನಮಸ್ಕಾರ, ಕಾಲು ಎಲ್ಲಿವೆ ಹೇಳಿ ಮುಟ್ಟುತ್ತೀನಿ.

ಆದರೆ ಡಿಡ್ಕಾಟ್ ಅವರೇ, ನಂಬಿ ಪಟ್ಟಿ ಆರ್ಡರ್ ಮಾಡುವ ಮುಂಚೆ ಅಳೆಯಿರಿ. ನೀವು ಇಲ್ಲಿವರೆಗೆ ತಂದ ಪಾರ್ಸಲ್ಲೆಲ್ಲ ಅಳೆಯದೆ ತಂದಿದ್ದೇ. ಗಾಡಿ ಸುಮ್ಮನೆ ನಿಂತಾಗ 12.7 ಬಂದರೆ ಬ್ಯಾಟರಿ ಚಾರ್ಜ್ ಆಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಸೆಲ್ಫ್ ಹೊಡೆಯುವಾಗ ಎಷ್ಟಿರುತ್ತದೆ ಅನ್ನೋದೇ ಪ್ರಶ್ನೆ.

ಹೀಗೆ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಸ್ಟಾರ್ಟ್ ಆಗದ ಹಾಗೆ ಕಾಯಿಲ್‌ನ ಬಿಳಿ ವೈರ್ ಕಳಚಿ, ತುದಿ ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿ. ಕೀ ತಿರುಗಿಸೋಕೆ ಒಬ್ಬರನ್ನು ಕೂರಿಸಿ. ಮೀಟರ್‌ನ ಒಂದು ಮುಳ್ಳು, ಬಾಡಿಗೆ ಅರ್ತ್ ಆಗಿರುವ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲ್ಯಾಂಪ್ ಮೇಲೆ ಅಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಮುಳ್ಳು ಎಂಜಿನ್ ಬ್ಲಾಕ್‌ನ ಶುದ್ಧ ಲೋಹದ ಮೇಲೆ, ಪೇಂಟ್ ಇದ್ದರೆ ಕೆರೆಯಿರಿ. ಬ್ಯಾಟರಿ ಸೀಟಿನ ಹಿಂದೆ ಇರೋದರಿಂದ ಉದ್ದ ವೈರ್ ಬೇಕಾಗುತ್ತದೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಕಡಿಮೆ ಇದ್ದರೆ ಅರ್ತ್ ದಾರಿ ಸರಿ ಇದೆ. ಜಾಸ್ತಿ ಇದ್ದರೆ ಅಷ್ಟು ವೋಲ್ಟ್ ದಾರಿಯಲ್ಲೇ ಸೋರುತ್ತಿದೆ.

ಇನ್ನೊಂದು. ಜಾಸ್ತಿ ಹೊತ್ತು ಹೊಡೆಯಬೇಡಿ. ಮೂರು ಸೆಕೆಂಡ್ ಸಾಕು. ಪೆಟ್ರೋಲ್ ವಾಸನೆ ಇರುವ ಎಂಜಿನ್ ಪಕ್ಕ ಕೆಂಪಗೆ ಕಾದ ತಂತಿ ಯಾರಿಗೂ ಬೇಡ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ಹೊಸಬ ಮಿಲ್ಟನ್ ಕೀನ್ಸ್ · ಭಾನುವಾರ ರಾತ್ರಿ

ನಾನೂ ಒಂದು ಎಂಜಿಬಿ ನೋಡಿ ಬಂದಿದ್ದೀನಿ, ಮುಂದಿನ ವಾರ ಮುಂಗಡ ಕೊಡಬೇಕು ಅಂತಿದ್ದೀನಿ. ಪೇಂಟ್ ಥಳಥಳ ಅಂತಿದೆ. 40 ವರ್ಷ ದಾಟಿದ್ದರಿಂದ ಎಂಒಟಿ (ವರ್ಷಕ್ಕೊಮ್ಮೆ ಮಾಡುವ ಗಾಡಿ ತಪಾಸಣೆ) ಬೇಡ, ಟ್ಯಾಕ್ಸ್ ಇಲ್ಲ ಅಂದರು. ಏನು ನೋಡಬೇಕು?

ಲೀಡ್ಸ್ ಮಿಡ್ಜೆಟ್ · ಭಾನುವಾರ ರಾತ್ರಿ

ಪೇಂಟ್ ನೋಡಬೇಡಿ, ನೆಲದ ಮೇಲೆ ಮಲಗಿ ಕೆಳಗೆ ನೋಡಿ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಬಾಗಿಲ ಕೆಳಗಿನ ಸಿಲ್ ಅಂದರೆ ಅದರ ಬೆನ್ನುಮೂಳೆ. ಹೊರಗಿನ ತಗಡು ಹೊಸದಾಗಿ ಬೆಸೆದು ಒಳಗಿನ ತಗಡು ಕೊಳೆತಿರುವ ಗಾಡಿಗಳು ಬೇಕಾದಷ್ಟಿವೆ. ಆಯಸ್ಕಾಂತ ತಗೊಂಡು ಹೋಗಿ. ಅಂಟಲಿಲ್ಲ ಅಂದರೆ ಅಲ್ಲಿರೋದು ಪುಟ್ಟಿ. ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಅಗಲ ಇದೆಯಾ ನೋಡಿ. ಬ್ಯಾಟರಿ ಪೆಟ್ಟಿಗೆಯ ತಳ ಕೈ ಹಾಕಿ ನೋಡಿ, ಬೆರಳು ಆಚೆ ಬಂದರೆ ನೀವೂ ಆಚೆ ಬನ್ನಿ.

ಎಂಒಟಿ ವಿನಾಯಿತಿ 2018ರ ಮೇಯಿಂದ ಇದೆ, ನಿಜ. ದೊಡ್ಡ ಮಾರ್ಪಾಡು ಆಗಿರಬಾರದು ಅಂತ ಷರತ್ತಿದೆ. ಟ್ಯಾಕ್ಸ್ ಸೊನ್ನೆ ಆದರೂ ಅರ್ಜಿ ಹಾಕಲೇಬೇಕು. ನಾನಂತೂ ಬೇಡ ಅಂದರೂ ವರ್ಷಕ್ಕೊಮ್ಮೆ ಎಂಒಟಿ ಮಾಡಿಸ್ತೀನಿ. ನನ್ನ ಗಾಡಿ ಕೆಳಗೆ ನಾನು ಕಾಣದ್ದನ್ನು ಇನ್ನೊಬ್ಬರು ಟಾರ್ಚ್ ಹಾಕಿ ನೋಡಲಿ ಅಂತ.

ಪಾನಾ ಪೆಟ್ಟಿಗೆ · ಭಾನುವಾರ ರಾತ್ರಿ

ಸಿಲ್ ಬದಲಾಯಿಸಿದ್ದಾರೆ ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ, ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಬೆಸೆದಿದ್ದರಾ, ಫೋಟೋ ಇದೆಯಾ ಕೇಳಿ. ಆಧಾರ ಕೊಡದೆ ಕತ್ತರಿಸಿದರೆ ಗಾಡಿ ಮಧ್ಯದಲ್ಲಿ ಬಾಳೆಎಲೆ ಥರ ಬಗ್ಗುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರಲ್ಲ.

ಹೊಸಬರೇ, ಇನ್ನೊಂದು ಕಿವಿಮಾತು. ಗಾಡಿಗಿಂತ ಮುಂಚೆ ಇಂಚಿನ ಸ್ಪ್ಯಾನರ್ ಸೆಟ್ ತಗೊಳ್ಳಿ. ಇದರ ಬೋಲ್ಟುಗಳು ಹೆಚ್ಚಾಗಿ ಯುಎನ್‌ಎಫ್, ಅಂದರೆ ಇಂಚಿನ ಅಳತೆಯವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂರುತ್ತದೆ, ತಿರುಗುತ್ತದೆ ಕೂಡ. ತುಕ್ಕು ಹಿಡಿದ ನಟ್ ಸಿಕ್ಕಿದ ದಿನ ಆ 0.3 ಮಿಲಿಮೀಟರ್ ನಟ್‌ನ ಮೂಲೆಗಳನ್ನೆಲ್ಲ ಸವೆಸಿ ಲಿಂಬೆಹಣ್ಣು ಮಾಡುತ್ತದೆ. ಅನುಭವದ ಮಾತು, ಗೆಣ್ಣಿನ ಮೇಲೆ ಗುರುತು ಇನ್ನೂ ಇದೆ.

ಡಿಡ್ಕಾಟ್ ಶೆಡ್ · ಸೋಮವಾರ ರಾತ್ರಿ

ಆಫೀಸ್ ಮುಗಿಸಿ ನೇರ ಶೆಡ್‌ಗೆ ಹೋದೆ. ಮಗಳನ್ನು ಕೀ ಹತ್ತಿರ ಕೂರಿಸಿದೆ. ಅವಳಿಗೆ ಒಂಬತ್ತು ವರ್ಷ, "ಅಪ್ಪಾ ಇವತ್ತಾದರೂ ಹೋಗುತ್ತಾ" ಅಂತ ಕೇಳಿದಳು. ಹೋಗಲ್ಲ ಪುಟ್ಟಾ, ಇವತ್ತು ಬರೀ ಅಳತೆ ಅಂದೆ. ಅವಳ ಮುಖ ನೋಡಬೇಕಿತ್ತು.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ತುದಿ ಮಧ್ಯೆ 11.4. ಬ್ಯಾಟರಿ ಕಂಬದಿಂದ ಎಂಜಿನ್ ಬ್ಲಾಕ್‌ಗೆ 3.8!

ಜಾಕ್ ಕೊಟ್ಟು, ಆಕ್ಸಲ್ ಸ್ಟ್ಯಾಂಡ್ ಇಟ್ಟು ಕೆಳಗೆ ಹೋದೆ. ಎಡಗಡೆ ಎಂಜಿನ್ ಮೌಂಟ್ ಹತ್ತಿರ ಅರ್ತ್ ಪಟ್ಟಿ ಇದೆ. ಒಂದು ತುದಿ ಬಾಡಿಗೆ ಬಿಗಿಯಾಗಿ ಹಾಕಿದೆ. ಇನ್ನೊಂದು ತುದಿ ಆಕಾಶ ನೋಡುತ್ತಾ ನೇತಾಡುತ್ತಿದೆ.

ತುಂಡಾಗಿಲ್ಲ, ಕೊಳೆತಿಲ್ಲ. ಹಾಕೋಕೆ ಮರೆತಿದ್ದಾರೆ ಅಷ್ಟೇ. ಆ ಗ್ಯಾರೇಜ್ ಹೆಸರು ಇಲ್ಲಿ ಹೇಳಲ್ಲ, ಕ್ಲಚ್ ಕೆಲಸ ಮಾತ್ರ ಚೆನ್ನಾಗೇ ಮಾಡಿದ್ದಾರೆ. ಎಂಟು ತಿಂಗಳು ನಾನೂ ಆ ಬಾನೆಟ್ ಎಷ್ಟು ಸಲ ಎತ್ತಿಲ್ಲ, ಒಂದು ಸಲ ಕೂಡ ಅಲ್ಲಿ ಬಗ್ಗಿ ನೋಡಲಿಲ್ಲವಲ್ಲ.

ದಾವಣಗೆರೆ ಟ್ಯಾಕ್ಸಿ · ಸೋಮವಾರ ರಾತ್ರಿ

11.4 ಅನ್ನೋದೇ ಸಾಕ್ಷಿ ನೋಡಿ. ಬ್ಯಾಟರಿ ಸೋತಿದ್ದರೆ ಅಲ್ಲೇ ವೋಲ್ಟೇಜ್ ಕುಸಿಯಬೇಕಿತ್ತು. ಬ್ಯಾಟರಿ ಆರಾಮಾಗಿದೆ, ಯಾಕಂದರೆ ಸೆಲ್ಫ್‌ಗೆ ಬೇಕಾದಷ್ಟು ಕರೆಂಟು ಹೊರಗೆ ಹೋಗುತ್ತಲೇ ಇಲ್ಲ.

ಹಾಗೇ ಬಿಗಿಯಬೇಡಿ. ಮೊದಲು ಬ್ಯಾಟರಿಯ ಅರ್ತ್ ಕ್ಲ್ಯಾಂಪ್ ಬಿಚ್ಚಿ. ಪಟ್ಟಿಯ ಎರಡೂ ತುದಿ, ಅದು ಕೂರುವ ಎರಡೂ ಜಾಗ ಎಮರಿ ಪೇಪರ್‌ನಲ್ಲಿ ಬೆಳ್ಳಿ ಥರ ಹೊಳೆಯುವ ಹಾಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ, ಆಮೇಲೆ ಮೇಲಿಂದ ವ್ಯಾಸಲೀನ್ ಸವರಿ. ಆಕ್ಸಿಲರೇಟರ್ ಕೇಬಲ್ಲೂ ಬಿಚ್ಚಿ ನೋಡಿ. ಅದೂ ಕಾದಿರುತ್ತದೆ. ಚೋಕ್ ಸಿಕ್ಕಿಕೊಂಡರೆ ಪೆಟ್ರೋಲ್ ಹೋಗುತ್ತದೆ, ಆಕ್ಸಿಲರೇಟರ್ ಸಿಕ್ಕಿಕೊಂಡರೆ ಕಥೆ ಬೇರೆ.

ಡಿಡ್ಕಾಟ್ ಶೆಡ್ · ಗುರುವಾರ ರಾತ್ರಿ

ಪಟ್ಟಿ ಉಜ್ಜಿ ಬಿಗಿದೆ. 3.8 ಇದ್ದಿದ್ದು 0.2ಕ್ಕೆ ಇಳಿಯಿತು. ಸೆಲ್ಫ್ ಶಬ್ದವೇ ಬೇರೆ. ಮೊದಲ ಸಲ ಕೇಳಿ ಹೆದರಿ ಕೀ ಬಿಟ್ಟುಬಿಟ್ಟೆ. ಆಕ್ಸಿಲರೇಟರ್ ಕೇಬಲ್ ಕೂಡ ಒಂದು ಕಡೆ ಒರಟಾಗಿತ್ತು, ಎರಡೂ ಹೊಸದು ಹಾಕಿದೆ. ಜೆಟ್ ನಟ್ ಪೂರ್ತಿ ಮೇಲಿಂದ ಎರಡು ಸುತ್ತು ಕೆಳಗಿಳಿಸಿ ಶುರು ಮಾಡಿದೆ, ಪಿನ್ ಪರೀಕ್ಷೆ ಮಾಡುತ್ತಾ ಒಂದೊಂದೇ ಮುಖ ತಿರುಗಿಸಿದೆ. ಕಿವಿಗೆ ರಬ್ಬರ್ ಪೈಪ್ ಇಟ್ಟು ಎರಡೂ ಕಾರ್ಬುರೇಟರ್‌ನ ಬುಸ್ ಶಬ್ದ ಒಂದೇ ಮಟ್ಟಕ್ಕೆ ತಂದೆ. ಇಪ್ಪತ್ತು ಮೈಲಿ ಓಡಿಸಿ ಪ್ಲಗ್ ಬಿಚ್ಚಿದರೆ ಬಿಸ್ಕತ್ ಬಣ್ಣ.

ಹಳೇ ಸೆಲ್ಫ್ ಮೋಟರ್ ಎಸೆದಿರಲಿಲ್ಲ, ಜಂಪ್ ಕೇಬಲ್ ಕೊಟ್ಟು ನೋಡಿದೆ. ಚೆನ್ನಾಗಿ ತಿರುಗುತ್ತದೆ. ಮನೆಯವಳಿಗೆ ಇದನ್ನು ಇನ್ನೂ ಹೇಳಿಲ್ಲ.

ಈಗ ಎಂಜಿನ್ ನಿಶ್ಶಬ್ದವಾದ ಮೇಲೆ ಟಪೆಟ್ ಟಿಕ್ ಟಿಕ್ ಕೇಳಿಸುತ್ತಿದೆ. ವಾಲ್ವ್ ಸಂದು 0.015 ಇಂಚು ಇರಬೇಕು ಅಂತ ಗೊತ್ತು, ಎಂಜಿನ್ ತಣ್ಣಗಿದ್ದಾಗ. ಆದರೆ ಯಾವ ವಾಲ್ವ್ ಯಾವಾಗ ಅನ್ನೋದೇ ಪ್ರತಿ ಸಲ ಗೊಂದಲ.

ಲೀಡ್ಸ್ ಮಿಡ್ಜೆಟ್ · ಗುರುವಾರ ರಾತ್ರಿ

ಒಂಬತ್ತರ ಲೆಕ್ಕ! ಮುಂದಿನಿಂದ ವಾಲ್ವ್‌ಗಳಿಗೆ 1ರಿಂದ 8 ನಂಬರ್ ಕೊಡಿ. ಪೂರ್ತಿ ತೆರೆದಿರುವ ವಾಲ್ವ್ ನಂಬರನ್ನು ಒಂಬತ್ತರಿಂದ ಕಳೆಯಿರಿ, ಬಂದ ನಂಬರಿನ ವಾಲ್ವ್ ಅಳೆಯಿರಿ. 8 ತೆರೆದಿದ್ದರೆ 1, 6 ತೆರೆದಿದ್ದರೆ 3. ಪ್ಲಗ್ ನಾಲ್ಕೂ ಬಿಚ್ಚಿಡಿ, ಎಂಜಿನ್ ಕೈಯಲ್ಲೇ ತಿರುಗುತ್ತದೆ. ಲೆಕ್ಕಕ್ಕೆ ಮಗಳನ್ನು ಕೂರಿಸಿ.

ಡಿಡ್ಕಾಟ್ ಶೆಡ್ · ಶನಿವಾರ ಮಧ್ಯಾಹ್ನ

ಕೂರಿಸಿದೆ. ನಾನು "ಐದು ತೆರೆದಿದೆ" ಅನ್ನೋದರೊಳಗೆ "ನಾಲ್ಕು" ಅಂತ ಕೂಗುತ್ತಿದ್ದಳು. ಎಂಟರಲ್ಲಿ ಎರಡು ಸಡಿಲ ಇದ್ದವು. ಬಾಕಿ ಎಲ್ಲ ಸರಿ. ಟಾಪ್ ಇಳಿಸಿ ಅಬಿಂಗ್ಡನ್ ಕಡೆ ಒಂದು ಸುತ್ತು ಹೋಗಿ ಬಂದೆವು. ಬರುವಾಗ ಮಳೆ ಹಿಡಿಯಿತು.

ಲೀಡ್ಸ್ ಮಿಡ್ಜೆಟ್ · ಶನಿವಾರ ಮಧ್ಯಾಹ್ನ

ಟಾಪ್ ಸೋರಿತಾ?

ಡಿಡ್ಕಾಟ್ ಶೆಡ್ · ಶನಿವಾರ ಸಂಜೆ

ನನ್ನ ಕಡೆ ಮಾತ್ರ.